ಟೋಪಿಯ ಹಲ್ಲು, ಅತ್ತೆಯ ಕಸ್ಟರ್ಡ್

ಮಾರ್ಚ್ ೨, ಭಾನುವಾರ

ಹೆಂಡತಿ ಮನೆ ಬಿಟ್ಟು ಹೋಗಿ ಎರಡು ವಾರದ ಮೇಲಾಯಿತು. ಇವತ್ತು ಹೋಗಿ ಒಂದು ಓವನ್ ಕೊಂಡು ತಂದೆ.

"ಮನೆಯವರಿಗೆ ಬೇಕಿಂಗ್‌ನಲ್ಲಿ ಆಸಕ್ತಿನಾ ಸಾರ್?" ಎಂದು ಅಂಗಡಿಯವನು ಕೇಳಿದ. "ಇತ್ತು," ಎಂದೆ. ಆಸಕ್ತಿ ಇದ್ದದ್ದು ಬೇಕಿಂಗ್‌ನಲ್ಲಲ್ಲ, ಬೇಕರಿಯವನಲ್ಲಿ ಎಂದು ಬಿಡಿಸಿ ಹೇಳುವ ಅಗತ್ಯ ಕಾಣಲಿಲ್ಲ.

ಇನ್ನು ಮೇಲೆ ಎಲ್ಲವನ್ನೂ ಬರೆದಿಡುತ್ತೇನೆ. ಬರೆಯದಿದ್ದರೆ ಸಿಟ್ಟು ಆರಿಹೋಗುತ್ತದೆ. ಅದು ಆರಬಾರದು.

ನಮ್ಮ ಮನೆಯಿಂದ ನಾಲ್ಕು ಬಸ್ ಸ್ಟಾಪು ಆಚೆ, ಪೇಟೆ ಬೀದಿಯ ತಿರುವಿನಲ್ಲಿ ಅವನ ಬೇಕರಿ. ಹಗಲಿಡೀ ತಲೆಯ ಮೇಲೆ ಬಿಳಿಯ ಉದ್ದ ಟೋಪಿ ಇಟ್ಟುಕೊಂಡೇ ಇರುತ್ತಾನೆ, ಹಾಗಾಗಿ ಅವನಿಗೆ ಟೋಪಿ ಎಂದೇ ಹೆಸರಿಟ್ಟಿದ್ದೇನೆ. ನನಗೆ ಹಾಕಿದ್ದೂ ಅದನ್ನೇ ತಾನೇ. ಚೀನೀ ರೀತಿಯ ಮೊಟ್ಟೆ ಟಾರ್ಟ್ ಅವನ ಅಂಗಡಿಯ ಹೆಮ್ಮೆ: ಪದರ ಪದರವಾದ ಪುಟ್ಟ ಹಿಟ್ಟಿನ ಬಟ್ಟಲು, ಅದರೊಳಗೆ ಹಳದಿ ಕಸ್ಟರ್ಡ್. ಹಡಗಿನ ಅಡುಗೆಮನೆಯಲ್ಲಿ ಒಬ್ಬ ಚೀನೀ ಅಡುಗೆಯವನ ಹತ್ತಿರ ಕಲಿತೆ ಎಂದು ಬಂದವರಿಗೆಲ್ಲ ಹೇಳಿಕೊಳ್ಳುತ್ತಾನೆ. ಶನಿವಾರ ಬಂತೆಂದರೆ ಅವಳು ಒಂದು ಪೆಟ್ಟಿಗೆ ತರುತ್ತಿದ್ದಳು. "ಎಷ್ಟು ನುಣುಪು ನೋಡು, ಕನ್ನಡಿ ಇದ್ದ ಹಾಗಿದೆ" ಎಂದು ಬೆರಳು ನೆಕ್ಕಿ ಹೊಗಳುತ್ತಿದ್ದವನು ನಾನೇ. ಈಗ ಅವಳು ಆ ಬೇಕರಿಯ ಮೇಲಿನ ಮನೆಯಲ್ಲಿದ್ದಾಳೆ.

ನನ್ನ ಯೋಜನೆ ಸರಳ. ಅವನಿಗಿಂತ ಒಳ್ಳೆಯ ಟಾರ್ಟ್ ಮಾಡಿ ಅವನ ಬಾಯಿಗೇ ಹಾಕಬೇಕು. ಅವನ ಮುಖ ಬಾಡುವುದನ್ನು ಎದುರಿಗೆ ನಿಂತು ನೋಡಬೇಕು. ನಾನು ಕಟ್ಟು ಹಲ್ಲು ಮಾಡುವವನು. ಈ ಊರಿನ ಹಲ್ಲಿನ ಡಾಕ್ಟರುಗಳೆಲ್ಲ ಅಚ್ಚು ತೆಗೆದು ಕಳಿಸುವುದು ನನ್ನ ಮೇಜಿಗೇ. ಮೇಣ, ಗಾರೆ, ಕಾವು ಮೂರನ್ನೂ ಪಳಗಿಸಿದ ಕೈಗೆ ಮೊಟ್ಟೆ ಯಾವ ಲೆಕ್ಕ?

ಇನ್ನು ಅವಳ ತಾಯಿ. ಮುದುಕಿ ಮಗಳ ಜೊತೆ ಹೋಗಲಿಲ್ಲ. "ನಾನೇನು ಅವಳ ಸೂಟ್‌ಕೇಸಾ, ಹೊತ್ಕೊಂಡು ಹೋಗೋಕೆ? ನನ್ನ ಮಂಚ ಇಲ್ಲಿದೆ" ಎಂದು ಕುಳಿತಲ್ಲೇ ಕುಳಿತಳು. ಇರಲಿ, ಒಳ್ಳೆಯದೇ ಆಯಿತು. ತಾಯಿಯನ್ನು ನೋಡಬೇಕೆಂದರೆ ಅವಳು ನನ್ನ ಬಾಗಿಲಿಗೇ ಬರಬೇಕು. ಬಂದಾಗ ಎಷ್ಟು ಹೊತ್ತು ಹೊರಗೆ ನಿಲ್ಲಿಸಬೇಕು ಎಂದು ಯೋಚಿಸುತ್ತಿದ್ದೇನೆ.

ಮಾರ್ಚ್ ೯, ಭಾನುವಾರ

ಮೊದಲ ಸಲ. ಹಿಟ್ಟು ಅಚ್ಚಿನ ಅರ್ಧಕ್ಕೆ ಕುಗ್ಗಿ ಕೂತಿತು. ಕಸ್ಟರ್ಡ್ ಕಪ್ಪೆಯ ಹಾಗೆ ಉಬ್ಬಿತು. ಹೊರಗೆ ತೆಗೆದ ಕೂಡಲೇ ಪುಸ್ಸೆಂದು ಇಳಿದು ಸುಕ್ಕುಗಟ್ಟಿತು.

ಮುದುಕಿ ಬಂದು ತಟ್ಟೆಯನ್ನು ದಿಟ್ಟಿಸಿದಳು. "ಮುಖ ನೋಡಿದ್ರೆ ನನ್ನ ತಂಗಿ ಇದ್ದ ಹಾಗಿದೆ."

"ತಿನ್ನೋದಾದ್ರೆ ತಿನ್ನಿ, ಇಲ್ಲಾಂದ್ರೆ ಬಿಡಿ," ಎಂದೆ.

ಒಂದನ್ನು ಪೂರ್ತಿ ತಿಂದಳು. "ಮೇಲಿಂದು ಪರವಾಗಿಲ್ಲ. ಕೆಳಗಿಂದ್ರಲ್ಲಿ ಗೋಡೆ ಕಟ್ಟಬಹುದು. ಯಾರಿಗೆ ಮಾಡ್ತಿದ್ದೀರಿ ಇದನ್ನ?"

"ಟೋಪಿಗೆ."

ಅವಳು ಕಟ್ಟು ಹಲ್ಲಿನಲ್ಲೇ ನಕ್ಕಳು. ಆ ಹಲ್ಲು ಮಾಡಿಕೊಟ್ಟವನೂ ನಾನೇ. "ಹಾಗಾದ್ರೆ ಇದೇ ಸರಿ. ಇದನ್ನೇ ಕೊಡಿ," ಎಂದಳು.

ಮಾರ್ಚ್ ೧೦, ಸೋಮವಾರ

ಬೇಕರಿಯ ಮುಂದೆ ಹಾದುಹೋದೆ. ಟೋಪಿ ನಗುತ್ತಿದ್ದ. ಯಾರ ಜೊತೆ ಎಂದು ನೋಡಲಿಲ್ಲ. ನೋಡಿದೆ.

ಮಾರ್ಚ್ ೨೩, ಭಾನುವಾರ

ಇವತ್ತು ಮನೆಗೆ ಬಂದ ಶತ್ರು ನನ್ನ ಹಳೆಯ ಪರಿಚಯದವನೇ: ಗುಳ್ಳೆ. ಗಾರೆಯಲ್ಲಿ ಸಾಸಿವೆಯಷ್ಟು ಗುಳ್ಳೆ ಉಳಿದರೂ ಅಚ್ಚು ಕೆಡುತ್ತದೆ. ಕಸ್ಟರ್ಡ್ ಕೂಡ ಅದೇ ಜಾತಿ. ಮೊಟ್ಟೆಯನ್ನು ಕಡೆಯಬಾರದು, ಚಮಚದ ಬೆನ್ನಿನಿಂದ ಮೆಲ್ಲಗೆ ಕಲಕಬೇಕು. ಸಕ್ಕರೆಯನ್ನು ಬಿಸಿನೀರಿನಲ್ಲಿ ಕರಗಿಸಿ ಪೂರ್ತಿ ಆರಿಸಿದ ಮೇಲೆ ಬೆರೆಸಬೇಕು. ಅವಸರ ಮಾಡಿದರೆ ಮೊಟ್ಟೆ ಅಲ್ಲೇ ಬೆಂದು ಎಳೆ ಎಳೆಯಾಗುತ್ತದೆ. ಗಟ್ಟಿ ಹಾಲು ಸೇರಿಸಿ, ಸಣ್ಣ ಜರಡಿಯಲ್ಲಿ ಸೋಸಿ, ಮತ್ತೆ ಸೋಸಿ, ಮೇಲೆ ನಿಂತ ನೊರೆಯನ್ನು ಕಾಗದದ ತುದಿಯಿಂದ ಎತ್ತಿ ತೆಗೆಯಬೇಕು. ಓವನ್ನಿನಲ್ಲಿ ನಡುಭಾಗ ಉಬ್ಬಲು ಹೊರಟ ಕ್ಷಣವೇ ಬಾಗಿಲ ಸಂದಿಗೆ ಮರದ ಸೌಟು ಸಿಕ್ಕಿಸಿ ಕಾವು ಇಳಿಸಬೇಕು.

ನುಣುಪು ಬಂತು. ಹಿಟ್ಟು ಇನ್ನೂ ಬಗ್ಗಿಲ್ಲ. ಒಳಗೆ ಮಡಚಿಟ್ಟ ಬೆಣ್ಣೆ ಕರಗಿ ಹರಿದು ಹೋಗುತ್ತದೆ.

"ಹಿಟ್ಟಿಗೂ ಸ್ವಲ್ಪ ಉಸಿರಾಡೋಕೆ ಬಿಡಿ, ಅಳಿಯಂದ್ರೆ," ಎಂದು ಅತ್ತೆ ಕುರ್ಚಿಯಲ್ಲಿ ಕೂತು ಹೇಳುತ್ತಿದ್ದರು. "ನೀವು ಅದನ್ನ ಟೋಪಿ ಅಂದ್ಕೊಂಡು ಗುದ್ದುತ್ತಾ ಇದ್ದೀರಿ."

ಗುದ್ದುತ್ತಿದ್ದುದು ನಿಜ.

ಏಪ್ರಿಲ್ ೬, ಭಾನುವಾರ

ಬೆಳಿಗ್ಗೆ ಅತ್ತೆಯ ಕೈಯಿಂದ ಲೋಟ ಬಿತ್ತು. ಲಕ್ವ ಹೊಡೆದು ಮೈಯ ಬಲಗಡೆ ಪೂರ್ತಿ ಬಿತ್ತು. ಆಸ್ಪತ್ರೆಯಲ್ಲಿದ್ದೇವೆ.

ಏಪ್ರಿಲ್ ೧೨, ಶನಿವಾರ

ಮನೆಗೆ ಕರೆತಂದೆ. ಕೈ ಕಾಲು ಅಲ್ಪಸ್ವಲ್ಪ ಮರಳಿವೆ. ಬಾಯಿಯ ಬಲತುದಿ ಇಳಿದಿದೆ, ನಾನು ಮಾಡಿದ ಹಲ್ಲು ಕೂರುತ್ತಿಲ್ಲ. ನೀರು ಕುಡಿದರೆ ನೆತ್ತಿಗೇರುತ್ತದೆ. ತಿನ್ನುವುದೆಲ್ಲ ನುಣ್ಣಗೆ, ಗಟ್ಟಿಯಾಗಿ, ಗಂಟಿಲ್ಲದೆ ಇರಬೇಕಂತೆ. ಆಸ್ಪತ್ರೆಯ ಗಂಜಿಯನ್ನು ಒಂದು ಚಮಚ ಬಾಯಿಗಿಟ್ಟುಕೊಂಡು ತುಟಿ ಮುಚ್ಚಿಬಿಟ್ಟರು.

ಅವಳು ದಿನವೂ ಆಸ್ಪತ್ರೆಗೆ ಬಂದಳು. ನಾನು ವರಾಂಡದ ಇನ್ನೊಂದು ತುದಿಯ ಬೆಂಚಿನಲ್ಲಿ ಕೂರುತ್ತಿದ್ದೆ. ಕೊನೆಯ ದಿನ ಹತ್ತಿರ ಬಂದು, "ಅಮ್ಮನ್ನ ನಮ್ಮನೆಗೆ ಕರ್ಕೊಂಡು ಹೋಗ್ಲಾ?" ಎಂದಳು. 'ನಮ್ಮನೆ' ಎಂಬ ಮಾತು ಅವಳ ಬಾಯಲ್ಲಿ ಎಷ್ಟು ಬೇಗ ಮನೆ ಬದಲಾಯಿಸಿದೆ!

"ಅತ್ತೆ ಬರಲ್ಲ," ಎಂದೆ. "ಬೇಕಾದ್ರೆ ಕೇಳು."

ಕೇಳಿದಳು. ಅತ್ತೆ ಗೋಡೆಯ ಕಡೆ ತಿರುಗಿದರು. ಮಗಳ ಮುಖ ಸಣ್ಣದಾಯಿತು. ದಾರಿಯುದ್ದಕ್ಕೂ ಆಟೋದಲ್ಲಿ ಆ ಮುಖವನ್ನೇ ನೆನೆದು ಖುಷಿಪಟ್ಟೆ.

ಏಪ್ರಿಲ್ ೧೫, ಮಂಗಳವಾರ

ಮೂರು ದಿನದಿಂದ ಅತ್ತೆಯ ಹೊಟ್ಟೆಗೆ ಏನೂ ಸರಿಯಾಗಿ ಬಿದ್ದಿಲ್ಲ. ಹಿಟ್ಟನ್ನು ಪಕ್ಕಕ್ಕಿಟ್ಟೆ. ಕಸ್ಟರ್ಡನ್ನಷ್ಟೇ ಟೀ ಬಟ್ಟಲುಗಳಿಗೆ ಸುರಿದು, ಮೇಲೆ ತಗಡಿನ ಕಾಗದ ಮುಚ್ಚಿ, ಬಿಸಿನೀರು ಹಾಕಿದ ತಟ್ಟೆಯಲ್ಲಿ ಇಟ್ಟು ಸಣ್ಣ ಕಾವಿನಲ್ಲಿ ಬೇಯಿಸಿದೆ. ಅಲುಗಾಡಿಸಿದರೆ ನಡುವೆ ಮಾತ್ರ ನಡುಗಬೇಕು. ನಡುಗಿತು.

ಮೊದಲ ಚಮಚ ಬಲಗಡೆಯಿಂದ ಹೊರಗೆ ಬಂತು. ಎಡಗೆನ್ನೆಯ ಕಡೆ ಇಟ್ಟರೆ ಒಳಗೆ ಹೋಗುತ್ತದೆ. ಗದ್ದ ಸ್ವಲ್ಪ ಕೆಳಗೆ ಬಗ್ಗಿಸಿಕೊಳ್ಳಬೇಕು. ನುಂಗಿದ್ದು ಗಂಟಲಲ್ಲಿ ಕಂಡ ಮೇಲೆಯೇ ಮುಂದಿನ ಚಮಚ.

ಬಟ್ಟಲು ಖಾಲಿಯಾಯಿತು.

"ಗೋಡೆ ಇಲ್ಲದ್ದು ಚೆನ್ನಾಗಿದೆ," ಎಂದರು. ಮಾತು ತೊದಲುತ್ತದೆ, ನನಗೆ ಅರ್ಥವಾಗುತ್ತದೆ.

ಮೇ ೪, ಭಾನುವಾರ

ಟಾರ್ಟ್ ಅಭ್ಯಾಸ ಹಿಂದೆ ಬಿದ್ದಿದೆ. ವಾರವಿಡೀ ಬಟ್ಟಲು ಕಸ್ಟರ್ಡೇ ಆಯಿತು. ಸಕ್ಕರೆ ಕಡಿಮೆ ಮಾಡಿದರೆ ಬಾಯಿ ಅಂಟುವುದಿಲ್ಲ. ಹಾಲಿನ ಕೆನೆ ತೆಗೆದರೆ ಕಫ ಕಟ್ಟುವುದಿಲ್ಲ. ಒಂದು ಬಟ್ಟಲಿಗೆ ಬೇಯಿಸಿದ ಕುಂಬಳಕಾಯಿ ಅರೆದು ಸೇರಿಸಿದೆ, ಒಪ್ಪಿದರು. ಇನ್ನೊಂದಕ್ಕೆ ಕೋಳಿ ಸಾರು ಹಾಕಿ ಉಪ್ಪಿನ ಕಸ್ಟರ್ಡ್ ಮಾಡಿದೆ, ಅದನ್ನೂ ಒಪ್ಪಿದರು. ಮಧ್ಯಾಹ್ನ ಮೇಲ್ಮನೆಯ ಟೈಲರಮ್ಮ ಬಂದು ತಿನ್ನಿಸಿ ಹೋಗುತ್ತಾರೆ. ತುಂಬ ಬೇಗ ಬೇಗ ತಿನ್ನಿಸುತ್ತಾರೆ. ಹೇಳಬೇಕು.

ಟೋಪಿಯನ್ನು ಮರೆತಿಲ್ಲ ಎಂದು ಬರೆದಿಡುತ್ತಿದ್ದೇನೆ.

ಮೇ ೧೯, ಸೋಮವಾರ

ಇವತ್ತು ಟೋಪಿ ನನ್ನ ಕೈಗೆ ಸಿಕ್ಕಿದ!

ದೊಡ್ಡ ಬೀದಿಯ ಡಾಕ್ಟರಮ್ಮ ಒಂದು ಅಚ್ಚು ಕಳಿಸಿ ಫೋನ್ ಮಾಡಿದರು. "ಮೇಲಿನ ಮುಂದಿನ ನಾಲ್ಕು ಹೋಗಿವೆ. ಹಿಟ್ಟಿನ ಮೂಟೆ ಹೊತ್ಕೊಂಡು ಮೆಟ್ಟಿಲು ಇಳಿಯುವಾಗ ಬಿದ್ದರಂತೆ, ಪಾಪ. ಬೇಕರಿಯವರು. ಯಾವಾಗಲೂ ಟೋಪಿ ಹಾಕ್ಕೊಂಡಿರ್ತಾರಲ್ಲ, ಅವರೇ. ಬೇಗ ಮಾಡಿಕೊಡ್ತೀರಾ?"

"ಖಂಡಿತ," ಎಂದೆ. ನಾನು ಪಾಪ ಎನ್ನಲಿಲ್ಲ.

ಅವನ ಬಾಯಿಯ ಅಚ್ಚಿಗೆ ಗಾರೆ ಸುರಿದು ಎರಕ ತೆಗೆದೆ. ಮೇಜಿನ ಮೇಲೆ ಆ ಬಾಯಿ ತೆರೆದುಕೊಂಡು ಕುಳಿತಿದೆ. ಎಷ್ಟು ಹೊತ್ತು ನೋಡಿದರೂ ಸಾಕೆನಿಸಲಿಲ್ಲ.

ಮೇ ೨೧, ಬುಧವಾರ

ಹಲ್ಲಿನ ಎತ್ತರ ಕೂದಲೆಳೆಯಷ್ಟು ಹೆಚ್ಚಿಸಿದರೆ ಸಾಕು. ಮೊದಲ ದಿನ ಯಾರಿಗೂ ಗೊತ್ತಾಗುವುದಿಲ್ಲ. ಆಮೇಲೆ ಪ್ರತಿ ತುತ್ತಿಗೂ ದವಡೆ ಹಿಡಿಯುತ್ತದೆ, ಬೆಳಿಗ್ಗೆ ತಲೆ ಸಿಡಿಯುತ್ತದೆ. ಅಂಗುಳಿಗೆ ಕೂರುವ ಭಾಗವನ್ನು ದಪ್ಪ ಮಾಡಿದರೆ ಇನ್ನೂ ಚೆನ್ನ. ಬಿಸಿ ತಂಪು ತಿಳಿಯದು, ರುಚಿ ಅರ್ಧಕ್ಕರ್ಧ ಹೋಗುತ್ತದೆ. ರುಚಿ ತಿಳಿಯದ ಬೇಕರಿಯವನು! ಸಕ್ಕರೆ ಹಾಕಿದೆನೋ ಉಪ್ಪು ಹಾಕಿದೆನೋ ಎಂದು ಅವಳನ್ನು ಕೇಳಿಕೊಂಡು ಬದುಕಲಿ.

ಮೇಣದಲ್ಲಿ ಹಾಗೆಯೇ ಕಟ್ಟಿಟ್ಟೆ.

ಮೇ ೨೩, ಶುಕ್ರವಾರ

ಅತ್ತೆಯ ಕೆಳಗಿನ ಸೆಟ್ಟನ್ನು ಹೊಸದಾಗಿ ಹೊಂದಿಸಲು ಮನೆಯಲ್ಲೇ ಕೂತಿದ್ದೆ. ಬಾಯಿಗಿಟ್ಟರೆ "ಒತ್ತುತ್ತೆ" ಎಂದು ಕಣ್ಣಲ್ಲಿ ನೀರು ತಂದುಕೊಂಡರು. ತೆಗೆದು ಉಜ್ಜಿದೆ. ಮತ್ತೆ ಇಟ್ಟೆ. ಮತ್ತೆ ಒತ್ತಿತು. ಮತ್ತೆ ಉಜ್ಜಿದೆ. ಕೊನೆಗೆ ಎಲ್ಲಿ ಒತ್ತುತ್ತದೆ ಎಂದು ಅವರ ಒಸಡಿನ ಮೇಲೆ ಬೆರಳಾಡಿಸಿ ನೋಡಿ, ಅಷ್ಟೇ ಜಾಗ ತೆಗೆದೆ. "ಈಗ ಇದೆಯೋ ಇಲ್ಲವೋ ಅಂತಾನೇ ಗೊತ್ತಾಗಲ್ಲ" ಎಂದು ನಾಲಿಗೆ ಹೊರಳಿಸಿ ನೋಡಿಕೊಂಡರು.

ಮಧ್ಯಾಹ್ನ ಕೆಲಸದ ಕೋಣೆಗೆ ಬಂದು ಟೋಪಿಯ ಮೇಣ ಕರಗಿಸಿಬಿಟ್ಟೆ. ಮೊದಲಿನಿಂದ ಕಟ್ಟಿದೆ. ಎತ್ತರ ಸರಿಯಾಗಿ, ಅಂಗುಳು ಬೆರಳುಗುರಿನಷ್ಟು ತೆಳ್ಳಗೆ.

ಇದರಲ್ಲಿ ದಯೆ ಗಿಯೆ ಏನಿಲ್ಲ. ನನ್ನ ಟಾರ್ಟ್ ತಿಂದು ಅವನು ಸೋಲಬೇಕು. ರುಚಿಯೇ ತಿಳಿಯದವನು ಸೋಲುವುದಾದರೂ ಹೇಗೆ? ಬಾಯಿ ಸರಿಯಿರಲಿ. ಪೂರ್ತಿ ಸರಿಯಿರಲಿ. ಆಮೇಲೆ ನೋಡಿಕೊಳ್ಳೋಣ.

ಮೇ ೨೮, ಬುಧವಾರ

ಬೆಳಿಗ್ಗೆ ಟಾರ್ಟ್ ಮಾಡಿದೆ. ಹಿಟ್ಟನ್ನು ಮಡಚಿದಾಗಲೆಲ್ಲ ಫ್ರಿಜ್ಜಿನಲ್ಲಿ ಮಲಗಿಸಿದೆ, ಗುದ್ದಲಿಲ್ಲ. ಪದರಗಳು ಎದ್ದು ನಿಂತವು. ಮೇಲೆ ಕನ್ನಡಿ. ನಾಲ್ಕನ್ನು ಸ್ಟೀಲ್ ಡಬ್ಬಿಗೆ ಹಾಕಿಕೊಂಡು ಡಾಕ್ಟರಮ್ಮನ ಕ್ಲಿನಿಕ್ಕಿಗೆ ಹೋದೆ. ಹಲ್ಲಿನ ಬಣ್ಣ ಹೊಂದುತ್ತದೆಯೋ ನೋಡಲು ಕೆಲವು ಸಲ ಕರೆಯುತ್ತಾರೆ. ಈ ಸಲ ಕರೆಯದೆಯೇ ಹೋದೆ.

ಕುರ್ಚಿಯಲ್ಲಿ ಒರಗಿದ್ದ. ಟೋಪಿಯಿಲ್ಲದೆ ನೋಡಿದ್ದು ಇದೇ ಮೊದಲು. ನಡುನೆತ್ತಿ ಬೋಳು. ನನ್ನನ್ನು ಕಂಡ ತಕ್ಷಣ ಕುರ್ಚಿಯ ಕೈಗಳನ್ನು ಗಟ್ಟಿಯಾಗಿ ಹಿಡಿದುಕೊಂಡ.

ಡಾಕ್ಟರಮ್ಮ ಹಲ್ಲು ಕೂರಿಸಿದರು. "ಕಚ್ಚಿ ನೋಡಿ. ಎಲ್ಲಾದ್ರೂ ಎತ್ತರ ಅನಿಸುತ್ತಾ?"

"ಇಲ್ಲ."

"ಒತ್ತುತ್ತಾ?"

"ಎಲ್ಲೂ ಇಲ್ಲ." ಅವನು ಡಾಕ್ಟರಮ್ಮನಿಗೆ ಉತ್ತರ ಕೊಡುತ್ತಿದ್ದರೂ ನನ್ನನ್ನೇ ನೋಡುತ್ತಿದ್ದ. "ಇದನ್ನ ನೀವೇ ಮಾಡಿದ್ದಾ?"

"ಈ ಊರಲ್ಲಿ ಇನ್ಯಾರು ಮಾಡ್ತಾರೆ?"

ಡಾಕ್ಟರಮ್ಮ ಪಕ್ಕದ ಕೋಣೆಗೆ ಹೋದರು. ನಾನು ಡಬ್ಬಿ ತೆರೆದೆ. "ತಿನ್ನಿ," ಎಂದೆ.

ತೆಗೆದುಕೊಂಡ. ಅಡಿಯನ್ನು ತಿರುಗಿಸಿ ನೋಡಿದ, ಅಂಚಿನ ಪದರವನ್ನು ಉಗುರಿನಿಂದ ಬಿಡಿಸಿದ, ಕಸುಬಿನವರು ನೋಡುವ ಹಾಗೆ. ಆಮೇಲೆ ಹೊಸ ಹಲ್ಲಿನಲ್ಲಿ ಕಚ್ಚಿದ. ಒಂದು ಚೂರೂ ಉದುರಿಸದೆ ಪೂರ್ತಿ ತಿಂದ. ಮೂರು ತಿಂಗಳು ಕಾದ ಗಳಿಗೆ. ಅವನ ಮುಖದಿಂದ ಕಣ್ಣು ಕೀಳಲಿಲ್ಲ.

"ಇದು ನಂದಕ್ಕಿಂತ ಚೆನ್ನಾಗಿದೆ," ಎಂದ. ಮುಖ ಬಾಡಲಿಲ್ಲ. "ಒಂದು ಕೊಡ್ತೀರಾ, ತಗೊಂಡು ಹೋಗೋಕೆ?"

"ಯಾಕೆ?"

"ಅವಳಿಗೆ. ಅಮ್ಮ ಆಸ್ಪತ್ರೆ ಸೇರಿದಾಗಿಂದ ನಾನು ಮಾಡಿದ್ದನ್ನ ಮುಟ್ಟಲ್ಲ. ನಿಮ್ಮ ಮನೇದು ಅಂದ್ರೆ ತಿಂತಾಳೇನೋ."

ಸೋತವನು ಹೀಗೆಲ್ಲ ಕೇಳಬಾರದು. ಸೋತವನಿಗೂ ಒಂದು ಮರ್ಯಾದೆ ಬೇಡವೇ? ಡಬ್ಬಿಯನ್ನು ಅವನ ಮಡಿಲಲ್ಲಿಟ್ಟು ಎದ್ದು ಬಂದೆ. ಒಳ್ಳೆಯ ಡಬ್ಬಿ, ಹಾಳಾಯಿತು.

ಜೂನ್ ೧೦, ಮಂಗಳವಾರ

ಟೈಲರಮ್ಮ ಮಧ್ಯಾಹ್ನ ಎಲ್ಲಿಗೋ ಹೋಗಬೇಕಾಗಿ ಬಂದಿತ್ತಂತೆ. ನನಗೆ ಫೋನ್ ಮಾಡಿದ್ದಾರೆ, ಯಂತ್ರದ ಸದ್ದಿನಲ್ಲಿ ಕೇಳಿಲ್ಲ.

ಸಂಜೆ ಬಂದು ನೋಡಿದರೆ ಅತ್ತೆ ಅಡುಗೆಮನೆಯ ನೆಲದ ಮೇಲೆ ಗೋಡೆಗೊರಗಿ ಕೂತಿದ್ದರು. ಫ್ರಿಜ್ಜಿನಿಂದ ಕಸ್ಟರ್ಡ್ ತೆಗೆಯಲು ಹೋಗಿ ಜಾರಿದ್ದಾರೆ. ಏಳಲಾಗಿಲ್ಲ. ಸೀರೆ ಒದ್ದೆಯಾಗಿತ್ತು. ಸುತ್ತ ಪಿಂಗಾಣಿ ಚೂರು.

"ಅಳಿಯಂದ್ರೆ, ಬಟ್ಟಲು ಒಡೆದುಹೋಯ್ತು," ಎಂದರು.

ಎತ್ತಿ ಮಂಚಕ್ಕೆ ಹಾಕಿದೆ. ಎಷ್ಟು ಹಗುರ. ಇಷ್ಟು ತಿನ್ನಿಸಿಯೂ ಇಷ್ಟು ಹಗುರ.

ಜೂನ್ ೧೧, ಬುಧವಾರ

ಬೇಕರಿಯ ಮೇಲಿನ ಮನೆಯಲ್ಲಿ ಹಗಲೆಲ್ಲ ಜನ ಇರುತ್ತಾರೆ. ಕೂಗಿದರೆ ಕೆಳಗಿನವರಿಗೆ ಕೇಳುತ್ತದೆ.

ಯೋಚಿಸಿದರೆ ಇದಕ್ಕಿಂತ ದೊಡ್ಡ ಸೇಡಿಲ್ಲ. ಅತ್ತೆಯನ್ನು ಅವರೇ ನೋಡಿಕೊಳ್ಳಲಿ. ಬಟ್ಟೆ ಬದಲಾಯಿಸಲಿ, ಗದ್ದ ಒರೆಸಲಿ, ಒಂದು ಬಟ್ಟಲಿಗೆ ಅರ್ಧ ಗಂಟೆ ಕೂರಲಿ. ಪ್ರೀತಿ ಪ್ರೇಮ ಎಂದು ಹೋದವರಿಗೆ ಸಂಸಾರ ಎಂದರೇನು ಎಂದು ತಿಳಿಯಲಿ.

ಜೂನ್ ೧೨, ಗುರುವಾರ

ಅವಳಿಗೆ ಫೋನ್ ಮಾಡಿ ಅತ್ತೆಯನ್ನು ಕರೆದುಕೊಂಡು ಹೋಗು ಎಂದೆ. ಅರ್ಧ ಗಂಟೆಯಲ್ಲಿ ಬಂದಳು. ಚಪ್ಪಲಿ ಬಿಟ್ಟು ನೇರ ಒಳಗೆ ನುಗ್ಗಿದಳು, ತಡೆದು ನಿಲ್ಲಿಸುವುದು ನೆನಪಿಗೇ ಬರಲಿಲ್ಲ.

ಅತ್ತೆ ಅವಳನ್ನು ನೋಡಲಿಲ್ಲ, ನನ್ನನ್ನು ನೋಡಿದರು. "ನಾನು ಭಾರ ಆದ್ನಾ, ಅಳಿಯಂದ್ರೆ?"

"ಇಲ್ಲ ಅತ್ತೆ."

"ಮತ್ಯಾಕೆ ಕಳಿಸ್ತೀರಿ?"

"ಹಗಲು ಹೊತ್ತು ನೀವು ಒಬ್ರೇ ಇರ್ತೀರಿ. ಮೊನ್ನೆ ಬಿದ್ದಾಗ..."

ಅವಳು ಅಲ್ಲೇ ನಿಂತು ಅತ್ತಳು. ಅವಳು ಅಳುವುದನ್ನು ಕಣ್ಣಾರೆ ನೋಡಬೇಕೆಂದು ಇಷ್ಟು ದಿನ ಕಾದಿದ್ದೆ. ಅತ್ತೆಯ ಮಾತ್ರೆಗಳನ್ನು ಹೊತ್ತು ಹೊತ್ತಿಗೆ ಬೇರೆ ಮಾಡಿ ಕಟ್ಟುತ್ತಿದ್ದುದರಿಂದ ಸರಿಯಾಗಿ ನೋಡಲಾಗಲಿಲ್ಲ.

"ಅಮ್ಮ, ಬಾಮ್ಮಾ," ಎಂದಳು.

ಅತ್ತೆ ಒಂದೊಂದೇ ಮಾತು ಜೋಡಿಸಿ ಹೇಳಿದರು. "ಸಾಯಂಕಾಲ ನನ್ನ ಊಟ ಅಳಿಯಂದ್ರ ಕೈಲಿ. ಅವರು ಅಲ್ಲಿಗೆ ಬರಬೇಕು. ಆ ಮನುಷ್ಯ ಬಾಗಿಲು ತೆಗೀಬೇಕು. ಒಪ್ಪಿದ್ರೆ ಬರ್ತೀನಿ. ಇಲ್ದಿದ್ರೆ ಈ ಮಂಚ ಬಿಟ್ಟು ಏಳಲ್ಲ."

ಅವಳೂ ನಾನೂ ಒಟ್ಟಿಗೆ "ಸರಿ" ಎಂದೆವು. ಇಬ್ಬರೂ ಒಂದೇ ಸಲ ಒಂದು ಮಾತಿಗೆ ಒಪ್ಪಿ ಎಷ್ಟು ವರ್ಷವಾಗಿತ್ತೋ.

ಜೂನ್ ೧೩, ಶುಕ್ರವಾರ

ಮನೆ ಖಾಲಿ. ಬರೆಯುವುದಕ್ಕೇನಿಲ್ಲ.

ಜೂನ್ ೨೨, ಭಾನುವಾರ

ದಿನವೂ ಸಂಜೆ ಬಟ್ಟಲುಗಳನ್ನು ಚೀಲದಲ್ಲಿಟ್ಟುಕೊಂಡು ಹೋಗುತ್ತಿದ್ದೇನೆ. ಸಂಜೆ ತಡವಾದರೆ ಅಂತ ಅವಳೇ ನಿನ್ನೆ ಒಂದು ಸಲ ಮಾಡಿಟ್ಟಿದ್ದಳಂತೆ. ಅತ್ತೆ ಬಾಯಿಗಿಟ್ಟುಕೊಂಡು, "ಇದು ಸ್ಪಂಜು" ಎಂದು ಉಗಿದರಂತೆ. ಇವತ್ತು ಹೋದಾಗ ಅವಳು ಮುಖ ಊದಿಸಿಕೊಂಡು ಪಾತ್ರೆ ಮುಂದಿಟ್ಟಳು. "ನೀವೇ ಮಾಡಿ ತೋರಿಸಿ ನೋಡೋಣ."

ಟೋಪಿಯ ಅಡುಗೆಮನೆಯಲ್ಲಿ, ಟೋಪಿಯ ಓವನ್ನಿನಲ್ಲಿ! ಇನ್ನು ಇದೊಂದು ಬಾಕಿ ಇತ್ತು. ಆದರೆ ಅತ್ತೆ ಒಳಕೋಣೆಯಿಂದ "ಹಸಿವು" ಎಂದರು. ಅಂಗಿಯ ತೋಳು ಮಡಿಸಿದೆ.

"ನೀರು ಕುದಿಯೋದು ಹಾಕಬೇಡ, ಬಿಸಿ ಇದ್ರೆ ಸಾಕು," ಎಂದೆ. "ಕೆಳಗೆ ಒಂದು ಬಟ್ಟೆ ಹಾಸು, ಬಟ್ಟಲಿಗೆ ನೇರ ಕಾವು ತಾಗಬಾರದು."

ಅವಳು ಹಾಸಿದಳು. ಟೋಪಿ ಬಾಗಿಲ ಬಳಿ ನಿಂತಿದ್ದ. "ನಮ್ಮ ಹಡಗಿನ ಅಡುಗೆಯವನೂ ಬಟ್ಟೆ ಹಾಕ್ತಿದ್ದ. ನಾನು ಮರೆತೇಬಿಟ್ಟಿದ್ದೆ," ಎಂದ.

"ಮರೀಬಾರದು," ಎಂದೆ.

ಮೂರು ಬಟ್ಟಲಿಗೆಂದು ಅಂದಾಜು ಮಾಡಿದ್ದೆ. ಅವರ ಮನೆಯ ಬಟ್ಟಲು ಚಿಕ್ಕವು, ಒಂದು ಬಟ್ಟಲಿನಷ್ಟು ಮಿಕ್ಕಿತು. ಚೆಲ್ಲುವುದೇಕೆ ಎಂದು ನಾಲ್ಕನೆಯದಕ್ಕೂ ಸುರಿದೆ.

ಅತ್ತೆ ಎರಡು ಬಟ್ಟಲು ತಿಂದರು. ನುಂಗುವುದು ಸುಲಭವಾಗುತ್ತಿದೆ, ನಡುವೆ ಒಮ್ಮೆಯೂ ಕೆಮ್ಮಲಿಲ್ಲ. ಒಂದನ್ನು ಅವಳು ತಿಂದಳು, ಬಟ್ಟಲಿನ ಅಂಚನ್ನೂ ಕೆರೆದು.

ನಾಲ್ಕನೆಯದು ಟೋಪಿಗೆಂದು ಮಾಡಿದ್ದಲ್ಲ. ಮಿಕ್ಕಿದ್ದು. ಅವನು ಎತ್ತಿಕೊಂಡಾಗ ಅದು ಅಲುಗಾಡಿದ ರೀತಿ ನೋಡಿದೆ, ತಟ್ಟೆಯ ಮೂಲೆಯಲ್ಲಿದ್ದದ್ದಕ್ಕೆ ಕಾವು ಸಾಲದೆ ಒಂದು ಪಕ್ಕ ಇನ್ನೂ ಹಸಿಯಿತ್ತು. ಅವನ ಕೈಯಿಂದ ಕಿತ್ತುಕೊಂಡು ಮತ್ತೆ ಓವನ್ನಿಗಿಟ್ಟು, ಬಾಗಿಲ ಮುಂದೆ ಕುಕ್ಕರಗಾಲಲ್ಲಿ ಕೂತು ಕಾದೆ. ನನ್ನ ಕೈಯಿಂದ ಬೇಯದ ಕಸ್ಟರ್ಡ್ ತಿಂದೆ ಎಂದು ಅವನು ನಾಳೆ ಬೀದಿಯಲ್ಲಿ ಹೇಳಿಕೊಂಡು ತಿರುಗಬಾರದು.

ಅದು ಬೇಯುವಷ್ಟರಲ್ಲಿ ಬಸ್ಸು ತಪ್ಪಿತು. ನಡೆದುಕೊಂಡೇ ಬಂದೆ. ಅದಕ್ಕೂ ಅವನೇ ಹೊಣೆ.